ಓದುಗರ ಪ್ರಶ್ನೆ: ಅಮೆರಿಕನ್ ಲಿಟರೇಚರ್ ಫೈನಲ್ಸ್‌ಗೆ ಓದೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಅಮೆರಿಕದ ಕನ್ನಡದ ಮನೆಗಳಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಫೈನಲ್ಸ್‌ಗೆ ಕೂತಿದ್ದಾರೆ, ಜತೆಗೆ ಅಪ್ಪ ಅಮ್ಮಂದಿರೂ ಕೂತಿದ್ದಾರೆ. ಇಲ್ಲಿನ ಬಹಳಷ್ಟು ಹೈಸ್ಕೂಲುಗಳಲ್ಲಿ ಹನ್ನೊಂದನೇ ಕ್ಲಾಸು ಅಂದರೆ ಅಮೆರಿಕನ್ ಸಾಹಿತ್ಯದ ವರ್ಷ. ದೇಶಕ್ಕೆಲ್ಲ ಒಂದೇ ಪಠ್ಯಪುಸ್ತಕ ಅಂತ ಇಲ್ಲ. ರಾಜ್ಯದವರು ಒಂದಷ್ಟು ಹೇಳುತ್ತಾರೆ, ಡಿಸ್ಟ್ರಿಕ್ಟ್ ಒಂದಷ್ಟು ಸೇರಿಸುತ್ತದೆ, ಉಳಿದದ್ದು ಟೀಚರ್ ಆಯ್ಕೆ. ಆದರೂ ಪತ್ರಗಳಲ್ಲಿ ಬಂದ ಹೆಸರುಗಳು ಹೆಚ್ಚುಕಡಿಮೆ ಅವವೇ: 'ದಿ ಕ್ರೂಸಿಬಲ್', 'ದಿ ಸ್ಕಾರ್ಲೆಟ್ ಲೆಟರ್', 'ಹಕಲ್‌ಬೆರಿ ಫಿನ್', 'ದಿ ಗ್ರೇಟ್ ಗ್ಯಾಟ್ಸ್‌ಬಿ', ಥೋರೋ, ಡಿಕಿನ್ಸನ್. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವುದೇ ನನ್ನ ಕೆಲಸ, ಹಾಗಾಗಿ ಎಲ್ಲದಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮಗಳಿಗೆ ದೊಡ್ಡ ರಿವ್ಯೂ ಶೀಟ್ ಕೊಟ್ಟಿದ್ದಾರೆ. ಪ್ಯೂರಿಟನ್ನರಿಂದ (ಮೊದಮೊದಲು ವಲಸೆ ಬಂದ ಕಟ್ಟುನಿಟ್ಟಿನ ಕ್ರೈಸ್ತರು) ಶುರುವಾಗಿ ಹಾರ್ಲೆಮ್ ರಿನೈಸಾನ್ಸ್ (1920ರ ದಶಕದ ನ್ಯೂಯಾರ್ಕಿನ ಕಪ್ಪು ಬರಹಗಾರರ ಸಾಹಿತ್ಯದ ಅಲೆ) ತನಕ ಎಲ್ಲಾ ಇದೆ. ಹೈಲೈಟರ್ ಹಿಡಿದು ನೋಟ್ಸನ್ನೇ ಮತ್ತೆ ಮತ್ತೆ ಓದುತ್ತಾಳೆ. ಮಾರನೇ ದಿನ ಕೇಳಿದರೆ ಅರ್ಧ ನೆನಪಿರಲ್ಲ. ಎಲ್ಲಿಂದ ಹಿಡಿಯಬೇಕು? (ಒಬ್ಬ ತಾಯಿ, ಪ್ಲಾನೊ, ಟೆಕ್ಸಾಸ್)

ಉತ್ತರ: ಮೊದಲು ನೋಟ್ಸ್ ಮುಚ್ಚಿಡಲಿ. ಒಂದು ಖಾಲಿ ಹಾಳೆ ತಗೊಂಡು ಒಂದು ಪುಸ್ತಕದ ಬಗ್ಗೆ ನೆನಪಿರುವುದೆಲ್ಲ ಬರೆಯಲಿ: ಪಾತ್ರಗಳು, ಮುಖ್ಯವಾದ ಎರಡು ಮೂರು ಘಟನೆ, ಯಾವ ಕಾಲದ್ದು, ಲೇಖಕರಿಗೆ ಏನು ಹೇಳಬೇಕಿತ್ತು. ಆಮೇಲೆ ನೋಟ್ಸ್ ತೆಗೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಆ ಬೇರೆ ಬಣ್ಣದ್ದೇ ಅವಳು ಓದಬೇಕಾದ ಪಾಠ. ಉಳಿದದ್ದು ಗೊತ್ತಿದೆ, ಅದನ್ನು ಮತ್ತೆ ಓದಿ ಸಮಯ ಕಳೆಯೋದು ಬೇಡ.

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಬಹಳ ಹೆಸರಾಗಿದೆ. ಒಂದು ಗುಂಪು ಪಾಠವನ್ನೇ ಮತ್ತೆ ಓದಿತು, ಇನ್ನೊಂದು ಗುಂಪು ಪಾಠ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ತಿರುಗುಮುರುಗು, ನೆನಪಿನಿಂದ ಬರೆದವರಿಗೇ ಹೆಚ್ಚು ಉಳಿದಿತ್ತು. ಮಕ್ಕಳು ಮೋಸಹೋಗುವುದು ಇಲ್ಲೇ. ಮತ್ತೆ ಓದಿದಾಗ ಎಲ್ಲ ಪರಿಚಯದ್ದು ಅನ್ನಿಸುತ್ತದೆ, ಪರಿಚಯ ಇರೋದನ್ನು ಗೊತ್ತಿರೋದು ಅಂದುಕೊಂಡುಬಿಡುತ್ತಾರೆ.

ಇನ್ನು ಆ ಉದ್ದದ ಪಟ್ಟಿ. ಅದನ್ನು ಪಟ್ಟಿ ಅಂತ ಬಾಯಿಪಾಠ ಮಾಡಬೇಡಿ, ಜಗಳ ಅಂತ ಓದಿ. 1741ರಲ್ಲಿ ಜೋನಾಥನ್ ಎಡ್ವರ್ಡ್ಸ್ ಕನೆಕ್ಟಿಕಟ್‌ನ ಎನ್‌ಫೀಲ್ಡ್‌ನಲ್ಲಿ ಪ್ರವಚನ ಮಾಡುತ್ತಾ, ಉರಿಯೋ ಬೆಂಕಿಯ ಮೇಲೆ ಜೇಡರ ಹುಳ ಹಿಡಿದ ಹಾಗೆ ದೇವರು ನಿಮ್ಮನ್ನು ನರಕದ ಮೇಲೆ ಹಿಡಿದಿದ್ದಾನೆ ಅಂದ. ಅದೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ತಪ್ಪಿದ ದಿನ ಪುಟ್ಟ ಕಪ್ಪು ಚುಕ್ಕೆ ಇಟ್ಟು, ಮನುಷ್ಯ ತನ್ನನ್ನು ತಾನೇ ತಿದ್ದಿಕೊಳ್ಳಬಹುದು ಅಂತ ನಂಬಿ ನಡೆದ. ಮುಂದೆ 1841ರಲ್ಲಿ ಎಮರ್ಸನ್ ಬಂದು ನಿನ್ನನ್ನೇ ನೀನು ನಂಬು, ಊರು ಹೇಳಿದ್ದನ್ನಲ್ಲ ಅಂದ. ಅದಕ್ಕೆ ಹಾಥಾರ್ನ್ 1850ರಲ್ಲಿ, ಇಷ್ಟೊಂದು ಭರವಸೆ ಬೇಡ, ಮನುಷ್ಯನ ಒಳಗೆ ಕತ್ತಲೆಯೂ ಇದೆ ಅಂತ 'ದಿ ಸ್ಕಾರ್ಲೆಟ್ ಲೆಟರ್' ಬರೆದ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರು ಅಂತ ಜನರನ್ನು ವಿಚಾರಣೆ ಮಾಡಿದ ನ್ಯಾಯಾಧೀಶರಲ್ಲಿ ಒಬ್ಬ ಹಾಥಾರ್ನ್‌ನ ಪೂರ್ವಜ, ಜಾನ್ ಹಾಥಾರ್ನ್. ಈ ಒಂದು ಸಂಗತಿ ಗೊತ್ತಿದ್ದರೆ ಹಾಥಾರ್ನ್ ಯಾಕೆ ಪಾಪದ ಬಗ್ಗೆ ಅಷ್ಟು ಬರೆದ ಅನ್ನೋದು ಮರೆಯಲ್ಲ.

ಹೀಗೇ ಮುಂದಕ್ಕೆ. ವಾಲ್ಟ್ ವಿಟ್ಮನ್ 1860ರ ಒಂದು ಪದ್ಯದಲ್ಲಿ ಅಮೆರಿಕ ಹಾಡುವುದು ಕೇಳಿಸುತ್ತಿದೆ ಅಂತ ಬಡಗಿ, ಗಾರೆಯವ, ದೋಣಿಯವ, ಬಟ್ಟೆ ಹೊಲಿಯುವ ಹುಡುಗಿ ಎಲ್ಲರನ್ನೂ ಎಣಿಸಿದ. 1920ರ ದಶಕದಲ್ಲಿ ಲ್ಯಾಂಗ್ಸ್‌ಟನ್ ಹ್ಯೂಸ್ ಎಂಬ ಕಪ್ಪು ಕವಿ ನಾನೂ ಹಾಡುತ್ತೇನೆ, ನನ್ನನ್ನು ಅಡುಗೆಮನೆಗೆ ಕಳಿಸಿ ಊಟ ಕೊಟ್ಟರೂ ನಾನೂ ಅಮೆರಿಕವೇ ಅಂದ. ಇವೆರಡನ್ನು ಪಕ್ಕಪಕ್ಕ ಇಟ್ಟು ಓದಿದರೆ ಸಾಕು, ಹಾರ್ಲೆಮ್ ರಿನೈಸಾನ್ಸ್ ಅಂದರೆ ಏನು ಅನ್ನೋದಕ್ಕೆ ಅರ್ಧ ಉತ್ತರ ಸಿಕ್ಕಿತು. ಇಸವಿಗಳಲ್ಲಿ ಬಾಯಿಗೆ ಬರಬೇಕಾದವು ಕೆಲವೇ: 1692ರ ಸೇಲಂ ವಿಚಾರಣೆ, 1776ರ ಸ್ವಾತಂತ್ರ್ಯ ಘೋಷಣೆ, 1861ರಿಂದ 65ರ ಸಿವಿಲ್ ವಾರ್, 1929ರ ಷೇರುಪೇಟೆ ಕುಸಿತ. ಉಳಿದ ಪುಸ್ತಕಗಳನ್ನು ಇವುಗಳ ಹಿಂದೆ ಮುಂದೆ ಕೂರಿಸಿದರೆ ಆಯಿತು.

ಪ್ರಶ್ನೆ: ನಾನು ಎರಡು ವರ್ಷದ ಹಿಂದೆ ಮೈಸೂರಿನಿಂದ ಬಂದೆ. 'ದಿ ಕ್ರೂಸಿಬಲ್' ಪೂರ್ತಿ ಓದಿದ್ದೇನೆ, ಕತೆ ಎಲ್ಲ ಗೊತ್ತು. ಆದರೆ ಎಸ್ಸೇ ಬರೆದರೆ ಟೀಚರ್ ಪ್ರತಿ ಸಲವೂ ಇದು ಪ್ಲಾಟ್ ಸಮರಿ ಅಂತ ಬರೆದು ಮಾರ್ಕ್ಸ್ ಕಳೆಯುತ್ತಾರೆ. ಮೂರು ಪುಟ ಬರೆದರೂ ಅಷ್ಟೇ. (ಹನ್ನೊಂದನೇ ಕ್ಲಾಸಿನ ವಿದ್ಯಾರ್ಥಿನಿ, ಎಡಿಸನ್, ನ್ಯೂ ಜೆರ್ಸಿ)

ಉತ್ತರ: ನಿಮ್ಮ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಕಡೆ ಪದ್ಯದ ಸಾರಾಂಶ ಬರೆಯಿರಿ, ಪಾತ್ರಚಿತ್ರಣ ಬರೆಯಿರಿ ಅಂತ ಕೇಳುತ್ತಾರೆ, ಕತೆಯನ್ನು ಪೂರ್ತಿ ಚೆನ್ನಾಗಿ ಹೇಳಿದರೆ ಮಾರ್ಕ್ಸ್ ಬರುತ್ತದೆ. ಇಲ್ಲಿ ಟೀಚರ್‌ಗೆ ಕತೆ ಗೊತ್ತು, ನಿಮಗೂ ಗೊತ್ತು ಅಂತಲೇ ಲೆಕ್ಕ. ಕೇಳುತ್ತಿರುವುದು ಬೇರೆ: ಲೇಖಕ ಇದನ್ನು ಹೀಗೇ ಯಾಕೆ ಮಾಡಿದ? ನಿಮಗೆ ಹಾಗನ್ನಿಸಲು ಪುಸ್ತಕದಲ್ಲಿ ಆಧಾರ ಎಲ್ಲಿದೆ?

ಒಂದೇ ದೃಶ್ಯ ತಗೊಳ್ಳೋಣ, ನಾಲ್ಕನೇ ಅಂಕದ ಕೊನೆ. ನಾಟಕ ನಡೆಯೋದು ಸೇಲಂನ ಆ ಮಾಟದ ವಿಚಾರಣೆಯ ಕಾಲದಲ್ಲಿ. ಮಾಟದ ಆರೋಪ ಹೊತ್ತ ರೈತ ಜಾನ್ ಪ್ರಾಕ್ಟರ್ ಬೆಳಗಾದರೆ ನೇಣಿಗೆ ಹೋಗಬೇಕು. ನಾನು ಸೈತಾನನ ಜತೆ ಸೇರಿದ್ದೆ ಅಂತ ಒಪ್ಪಿಕೊಂಡರೆ ಜೀವ ಉಳಿಯುತ್ತದೆ. ಅವನು ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ. ಬೇರೆಯವರ ಹೆಸರು ಹೇಳು ಅಂದರೆ ಮಾತ್ರ ಹೇಳಲ್ಲ. ಕಾಗದಕ್ಕೆ ಸಹಿಯನ್ನೂ ಹಾಕುತ್ತಾನೆ. ಆದರೆ ಆ ಕಾಗದವನ್ನು ಚರ್ಚ್ ಬಾಗಿಲಿಗೆ ಹೊಡೆಯುತ್ತಾರೆ ಅಂತ ಗೊತ್ತಾದಾಗ ಕೊಡಲು ಕೈ ಬರಲ್ಲ. ಅದು ನನ್ನ ಹೆಸರು, ಈ ಜನ್ಮದಲ್ಲಿ ನನಗೆ ಇನ್ನೊಂದು ಹೆಸರು ಸಿಗಲ್ಲ ಅಂತ ಕೂಗಿ ಹರಿದು ಹಾಕುತ್ತಾನೆ, ನೇಣಿಗೆ ಹೋಗುತ್ತಾನೆ.

ನೀವು ಬರೆದಿರೋದು ಬಹುಶಃ ಇಷ್ಟು. ಇಲ್ಲಿಗೆ ನಿಂತರೆ ಅದು ಪ್ಲಾಟ್ ಸಮರಿ. ಈಗ ಕೇಳಿಕೊಳ್ಳಿ: ಬಾಯಲ್ಲಿ ಸುಳ್ಳು ಹೇಳಲು ಒಪ್ಪಿದವನು, ಸಹಿ ಹಾಕಲೂ ಒಪ್ಪಿದವನು ಕಾಗದ ಕೊಡಲು ಯಾಕೆ ಒಪ್ಪಲಿಲ್ಲ? ಆ ಸುಳ್ಳು ನಾಲ್ಕು ಗೋಡೆಯ ಒಳಗಿದ್ದರೆ ಅದು ಅವನ ಮತ್ತು ದೇವರ ನಡುವಿನ ವ್ಯವಹಾರ. ಬಾಗಿಲಿಗೆ ಬಿದ್ದರೆ ಅವನ ಮೂವರು ಗಂಡುಮಕ್ಕಳು ಅದನ್ನು ನೋಡಿಕೊಂಡು ಆ ಊರಲ್ಲಿ ಬೆಳೆಯಬೇಕು, ಸುಳ್ಳು ಹೇಳದೆ ಸತ್ತ ಸ್ನೇಹಿತರ ಮಾತು ಸುಳ್ಳಾಗಬೇಕು. ಇದನ್ನು ಬರೆದರೆ ನಿಮ್ಮದು ಅನಾಲಿಸಿಸ್ ಆಯಿತು. ಒಂದು ಹೆಜ್ಜೆ ಮುಂದೆ ಹೋಗಿ. ಆರ್ಥರ್ ಮಿಲ್ಲರ್ ಈ ನಾಟಕ ತಂದದ್ದು 1953ರಲ್ಲಿ. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು, ಸಮಿತಿಯ ಮುಂದೆ ಕರೆಸಿ ನಿಮ್ಮ ಸ್ನೇಹಿತರ ಹೆಸರು ಹೇಳಿ ಅಂತ ಒತ್ತಾಯಿಸುತ್ತಿದ್ದರು. 1956ರಲ್ಲಿ ಮಿಲ್ಲರ್‌ನನ್ನೇ ಕರೆಸಿದರು. ಬೇರೆಯವರ ಹೆಸರು ಹೇಳಲ್ಲ ಅಂದ. ಮರುವರ್ಷ ಅವನು ತಪ್ಪಿತಸ್ಥ ಅಂತ ತೀರ್ಪಾಯಿತು, 1958ರಲ್ಲಿ ಅದು ರದ್ದಾಯಿತು. ತಾನು ಬರೆದ ಪಾತ್ರದ ಪರೀಕ್ಷೆಯನ್ನು ಲೇಖಕ ಮೂರು ವರ್ಷದ ನಂತರ ತಾನೇ ಬರೆಯಬೇಕಾಯಿತು. ಇಂಥದ್ದು ಓದಿದಾಗ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

ಬರೆಯೋ ಕ್ರಮ ಹೀಗಿಟ್ಟುಕೊಳ್ಳಿ. ಮೊದಲ ವಾಕ್ಯ ನಿಮ್ಮ ಮಾತು, ಯಾರಾದರೂ ಒಪ್ಪದೆ ವಾದ ಮಾಡಬಹುದಾದ ಮಾತು. ಪ್ರಾಕ್ಟರ್ ಸತ್ತ ಅನ್ನೋದು ಮಾತಲ್ಲ, ಅದು ಸುದ್ದಿ. ಪ್ರಾಕ್ಟರ್‌ಗೆ ದೇವರಿಗಿಂತ ಊರಿನ ಕಣ್ಣು ಮುಖ್ಯವಾಗಿತ್ತು ಅನ್ನಿ, ಅದು ಮಾತು. ಆಮೇಲೆ ಪುಸ್ತಕದಿಂದ ಒಂದು ಚಿಕ್ಕ ತುಂಡು, ಒಂದು ಸಾಲಿಗಿಂತ ಜಾಸ್ತಿ ಬೇಡ. ಆಮೇಲೆ ಆ ತುಂಡಿನ ಬಗ್ಗೆ ನಿಮ್ಮದೇ ಎರಡು ಮೂರು ವಾಕ್ಯ. ನೀವು ಉಲ್ಲೇಖ ಮಾಡಿದ್ದಕ್ಕಿಂತ ವಿವರಿಸಿದ್ದು ಕಡಿಮೆ ಇದ್ದರೆ ಮತ್ತೆ ಬರೆಯಿರಿ. ಹೀಗೆ ಒಂದೂವರೆ ಪುಟ ಬರೆದರೆ ಮೂರು ಪುಟದ ಕತೆಗಿಂತ ಹೆಚ್ಚು ಮಾರ್ಕ್ಸ್ ಬರುತ್ತೆ.

ಇನ್ನೊಂದು ವಿಷಯ, ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತದೆ. ನಾಟಕದಲ್ಲಿ ಊರವರ ಮೇಲೆ ಮಾಟದ ಆರೋಪ ಹೊರಿಸುವ ಅಬಿಗೇಲ್‌ಗೆ 17 ವರ್ಷ. ನಿಜವಾದ ಅಬಿಗೇಲ್ ವಿಲಿಯಮ್ಸ್ ಸುಮಾರು 11 ವರ್ಷದ ಹುಡುಗಿ, ನಿಜವಾದ ಪ್ರಾಕ್ಟರ್‌ಗೆ 60ರ ಆಸುಪಾಸು. ಅವರಿಬ್ಬರ ಸಂಬಂಧ ಮಿಲ್ಲರ್ ಕಟ್ಟಿದ್ದು. ನಾಟಕವನ್ನು ಇತಿಹಾಸ ಅಂತ ಬರೆದುಬಿಡಬೇಡಿ.

ಪ್ರಶ್ನೆ: ವಾರಕ್ಕೆ ಇಪ್ಪತ್ತು ವೊಕ್ಯಾಬ್ ಪದ. ಶುಕ್ರವಾರ ಕ್ವಿಜ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಸೋಮವಾರ ಎಲ್ಲ ಖಾಲಿ. ಫೈನಲ್ಸ್‌ಗೆ ಎಲ್ಲ ಪದಗಳೂ ಒಟ್ಟಿಗೆ ಬರುತ್ತಂತೆ. ಎಸ್‌ಎಟಿಗೂ (ಕಾಲೇಜು ಪ್ರವೇಶದ ಪರೀಕ್ಷೆ) ಇದೇ ಸಾಕಾ? (ವಿದ್ಯಾರ್ಥಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಗುರುವಾರ ರಾತ್ರಿ ಇಪ್ಪತ್ತನ್ನೂ ಒಟ್ಟಿಗೆ ಕಲಿತರೆ ಸೋಮವಾರಕ್ಕೆ ಹೋಗಲೇಬೇಕು. ಐದು ಡಬ್ಬಿ ಮಾಡಿಕೊಳ್ಳಿ, ಶೂ ಬಾಕ್ಸ್ ಆದರೂ ಸಾಕು. ಹೊಸ ಪದದ ಕಾರ್ಡ್ ಮೊದಲನೇ ಡಬ್ಬಿಗೆ, ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಎರಡನೇ ಡಬ್ಬಿಗೆ, ಅದು ಎರಡು ದಿನಕ್ಕೊಮ್ಮೆ. ಮುಂದಿನ ಡಬ್ಬಿ ಇನ್ನೂ ತಡವಾಗಿ. ತಪ್ಪಿದರೆ ಎಷ್ಟನೇ ಡಬ್ಬಿಯಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನ್ ಲೇಖಕ 1970ರ ದಶಕದಲ್ಲಿ ಹೇಳಿಕೊಟ್ಟ ಉಪಾಯ ಇದು. ಆಂಕಿ ಆ್ಯಪ್ ಮಾಡೋದೂ ಹೆಚ್ಚುಕಡಿಮೆ ಇದನ್ನೇ. ನನ್ನ ಅನುಭವದಲ್ಲಿ ಕೈಯಲ್ಲಿ ಬರೆದ ಕಾರ್ಡೇ ವಾಸಿ, ಯಾಕೆಂದರೆ ಬರೆಯುವಾಗಲೇ ಒಂದು ಸಲ ಯೋಚನೆ ಆಗುತ್ತೆ.

ಕಾರ್ಡಿನಲ್ಲಿ ಏನಿರಬೇಕು ಅನ್ನೋದು ಡಬ್ಬಿಗಿಂತ ಮುಖ್ಯ. ಡಿಕ್ಷನರಿ ಅರ್ಥ ಒಂದನ್ನೇ ಬರೆದರೆ ಅದು ನಿಲ್ಲಲ್ಲ. ಪದ ಪುಸ್ತಕದಲ್ಲಿ ಎಲ್ಲಿ ಸಿಕ್ಕಿತೋ ಆ ಸಾಲು ಬೇಕು, ಆ ಮನುಷ್ಯ ಬೇಕು. 'ಗ್ಯಾಟ್ಸ್‌ಬಿ'ಯ ಮೊದಲ ಅಧ್ಯಾಯದಲ್ಲಿ ಟಾಮ್ ಬುಕ್ಯಾನನ್ ತನ್ನ ಮನೆ ಮುಂದೆ ಕಾಲು ಅಗಲಿಸಿ ನಿಂತಿರುತ್ತಾನೆ. ಅವನ ನಡವಳಿಕೆಗೆ ಲೇಖಕ ಬಳಸಿದ ಪದ ಸೂಪರ್ಸಿಲಿಯಸ್. ಅದರೊಳಗೆ ಲ್ಯಾಟಿನ್‌ನ ಹುಬ್ಬು ಕೂತಿದೆ, ಹುಬ್ಬೇರಿಸಿ ಜನರನ್ನು ಕೀಳಾಗಿ ನೋಡೋನು. ಟಾಮ್‌ನನ್ನು ಒಮ್ಮೆ ಹಾಗೆ ಕಣ್ಣಮುಂದೆ ತಂದುಕೊಂಡರೆ ಪದ ಎಲ್ಲಿಗೂ ಹೋಗಲ್ಲ. ಅದೇ ಥರ 'ಕ್ರೂಸಿಬಲ್'ನ ಡಿಸೆಂಬ್ಲಿಂಗ್ (ಒಳಗಿರೋದನ್ನು ಮುಚ್ಚಿ ನಟಿಸೋದು) ಅನ್ನುವ ಪದವನ್ನು ಅಬಿಗೇಲ್ ಜತೆಗೆ ಇಡಿ, 'ಸ್ಕಾರ್ಲೆಟ್ ಲೆಟರ್'ನ ಇಗ್ನಮಿನಿ (ಎಲ್ಲರೆದುರಿನ ಅವಮಾನ) ಅನ್ನೋದನ್ನು ಕೂಸು ಎತ್ತಿಕೊಂಡು ಊರ ಮುಂದೆ ಕಟ್ಟೆ ಮೇಲೆ ನಿಂತ ಹೆಸ್ಟರ್ ಜತೆಗೆ ಇಡಿ. ವೊಕ್ಯಾಬ್ ರಿವಿಷನ್ ಮತ್ತು ಪುಸ್ತಕದ ರಿವಿಷನ್ ಒಂದೇ ಸಲಕ್ಕೆ ಆಗಿಹೋಗುತ್ತೆ.

ಕೊನೆಗೆ ಆ ಪದ ಹಾಕಿ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಇನ್‌ಕ್ರೆಡಿಬಲ್ ಮತ್ತು ಇನ್‌ಕ್ರೆಡ್ಯುಲಸ್ ಎರಡನ್ನೂ ಒಂದೇ ಅಂದುಕೊಳ್ಳುವ ಮಕ್ಕಳು ತುಂಬಾ. ಎರಡಕ್ಕೂ ನಂಬಿಕೆ ಅನ್ನೋ ಒಂದೇ ಬೇರು. ಆದರೆ ಒಂದು ನಂಬಲಾಗದ ಸಂಗತಿಗೆ, ಇನ್ನೊಂದು ನಂಬದೆ ನೋಡುತ್ತಿರುವ ಮನುಷ್ಯನಿಗೆ. ವಾಕ್ಯ ಬರೆಯದೆ ಈ ವ್ಯತ್ಯಾಸ ತಲೆಗೆ ಹೋಗಲ್ಲ.

ಎಸ್‌ಎಟಿ ಅಮೆರಿಕದಲ್ಲಿ 2024ರಿಂದ ಡಿಜಿಟಲ್ ಆಗಿದೆ. ರೀಡಿಂಗ್ ಅಂಡ್ ರೈಟಿಂಗ್ ಭಾಗದಲ್ಲಿ 54 ಪ್ರಶ್ನೆ, 64 ನಿಮಿಷ, ಪ್ರತಿ ಪ್ರಶ್ನೆಗೂ ಒಂದು ಪುಟ್ಟ ಗದ್ಯ ಅಥವಾ ಪದ್ಯದ ತುಂಡು. ಅದರಲ್ಲಿ ಪದ ಕೇಳುವುದೂ ಸಂದರ್ಭದೊಳಗೇ. ಅಪರೂಪದ ಪದಗಳ ದಪ್ಪ ಪಟ್ಟಿ ಬಾಯಿಪಾಠ ಮಾಡುವ ಕಾಲ ಹೋಯಿತು. ಹಳೇ ಅಮೆರಿಕನ್ ಗದ್ಯ ದಿನಾ ಎರಡು ಪುಟ ಓದಿ ರೂಢಿ ಆದವರಿಗೆ ಇಲ್ಲಿ ಅನುಕೂಲ ಇದೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವನು. ಮಗನ ಮ್ಯಾಥ್ಸ್, ಸೈನ್ಸ್ ಆದರೆ ಹೇಳಿಕೊಡುತ್ತೇನೆ. ಈ ಎಮರ್ಸನ್, ಥೋರೋ ಎಲ್ಲ ನನಗೆ ಗೊತ್ತಿಲ್ಲ. ಇದಕ್ಕೊಂದು ಟ್ಯೂಷನ್ ಹಾಕಿಸಲೇಬೇಕಾ? (ಒಬ್ಬ ತಂದೆ, ಬೆಲ್‌ವ್ಯೂ, ವಾಷಿಂಗ್ಟನ್)

ಉತ್ತರ: ಬೇಡ. ಮೊದಲು ನೀವೇ ಕೂತು ಕೇಳಿ. ನಿಜವಾಗಿ ಹೇಳುತ್ತೇನೆ, ಪುಸ್ತಕ ಓದಿರದ ಕೇಳುಗನಿಗಿಂತ ಒಳ್ಳೆಯ ರಿವಿಷನ್ ಇಲ್ಲ. ಊಟಕ್ಕೆ ಕೂತಾಗ ಮಗನಿಗೆ ಹೇಳಿ, ಇವತ್ತು ಓದಿದ್ದನ್ನು ನನಗೆ ಕನ್ನಡದಲ್ಲಿ ಹೇಳು. ತಡವರಿಸಲಿ, ಮಧ್ಯೆ ಇಂಗ್ಲಿಷ್ ಬರಲಿ. ಇಂಗ್ಲಿಷಿನಲ್ಲಾದರೆ ಟೀಚರ್ ಹೇಳಿದ ವಾಕ್ಯವನ್ನೇ ಅರ್ಥವಾಗದೆ ವಾಪಸ್ ಒಪ್ಪಿಸಿಬಿಡಬಹುದು. ಕನ್ನಡದಲ್ಲಿ ಹೇಳಬೇಕಾದರೆ ಅರ್ಥ ಆಗಿರಲೇಬೇಕು. ನೀವು ಕೇಳಬೇಕಾದ್ದು ಇಷ್ಟೇ: ಇವನಿಗೆ ಏನು ಬೇಕಾಗಿತ್ತು? ಅಡ್ಡ ಬಂದದ್ದು ಯಾವುದು? ಕೊನೆಗೆ ಏನು ಕಳೆದುಕೊಂಡ? ಅದು ಪುಸ್ತಕದಲ್ಲಿ ಎಲ್ಲಿದೆ, ತೋರಿಸು. ಕೊನೇ ಪ್ರಶ್ನೆಯನ್ನು ಬಿಡಲೇಬೇಡಿ.

ಇನ್ನು ಎಮರ್ಸನ್, ಥೋರೋ ಗೊತ್ತಿಲ್ಲ ಅಂದಿರಿ. ನಿಮಗೆ ಗೊತ್ತಿರುವುದು ಬಹಳ ಇದೆ. ಥೋರೋ 1845ರ ಜುಲೈ 4ರಂದು ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಾಚೆಯ ವಾಲ್ಡನ್ ಕೊಳದ ಪಕ್ಕ, ತಾನೇ ಕಟ್ಟಿದ ಗುಡಿಸಲಿಗೆ ಹೋಗಿ ಎರಡು ವರ್ಷ ಎರಡು ತಿಂಗಳು ಇದ್ದ. ಅಲ್ಲಿ ಅವನು ಓದುತ್ತಿದ್ದ ಪುಸ್ತಕಗಳಲ್ಲಿ ಭಗವದ್ಗೀತೆ ಇತ್ತು. ಚಳಿಗಾಲದಲ್ಲಿ ಆ ಕೊಳದ ಮಂಜುಗಡ್ಡೆ ಕೊಯ್ಯಲು ಕೂಲಿಯವರು ಬರುತ್ತಾರೆ. ಆ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಐಸ್ ಹಡಗಿನಲ್ಲಿ ಕಲ್ಕತ್ತಾಕ್ಕೆ ಬರುತ್ತಿತ್ತು. ಅದನ್ನು ನೋಡಿ ಥೋರೋ, ಮದ್ರಾಸು, ಬೊಂಬಾಯಿ, ಕಲ್ಕತ್ತಾದ ಜನ ನನ್ನ ಬಾವಿಯ ನೀರು ಕುಡಿಯುತ್ತಿದ್ದಾರೆ, ನಾನು ಬೆಳಿಗ್ಗೆ ಗೀತೆಯಲ್ಲಿ ಬುದ್ಧಿಯನ್ನು ತೊಳೆಯುತ್ತೇನೆ, ವಾಲ್ಡನ್ನಿನ ನೀರು ಗಂಗೆಯ ನೀರಿನ ಜತೆ ಸೇರಿತು ಅಂತ ಬರೆಯುತ್ತಾನೆ. 'ವಾಲ್ಡನ್' ಪುಸ್ತಕದ 'ಚಳಿಗಾಲದಲ್ಲಿ ಕೊಳ' ಅನ್ನುವ ಅಧ್ಯಾಯದ ಕೊನೇ ಭಾಗ. ಮಗನಿಗೆ ಅದನ್ನು ಗಟ್ಟಿಯಾಗಿ ಓದಲು ಹೇಳಿ, ನೀವೂ ಕೇಳಿ. ಗುಲಾಮಗಿರಿ ಮತ್ತು ಮೆಕ್ಸಿಕೋ ಯುದ್ಧಕ್ಕೆ ವಿರೋಧ ಅಂತ ತೆರಿಗೆ ಕಟ್ಟದೆ ಥೋರೋ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದ. ಆ ಬಗ್ಗೆ 1849ರಲ್ಲಿ ಅಚ್ಚಾದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಓದಿದರು, ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಓದಿದರು. ಸತ್ಯಾಗ್ರಹ ಅಂದರೆ ಏನು ಅಂತ ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಮರ್ಸನ್ ಪಾದ್ರಿಯಾಗಿದ್ದವನು. ತನಗೆ ಮನಸ್ಸಿಲ್ಲದ ಆಚರಣೆಯನ್ನು ನಡೆಸಲಾರೆ ಅಂತ 1832ರಲ್ಲಿ ಆ ಕೆಲಸ ಬಿಟ್ಟ. ದೇವರು ಮನುಷ್ಯನ ಒಳಗೇ ಸಿಗಬೇಕು, ಹಿಂದಿನವರು ಹೇಳಿಟ್ಟದ್ದರಲ್ಲಿ ಅಲ್ಲ ಅನ್ನೋದು ಅವನ ಮಾತಿನ ತಿರುಳು. ಇದನ್ನು ಕೇಳಿದಾಗ ಉಳ್ಳವರು ಶಿವಾಲಯ ಮಾಡುವರು ಅನ್ನೋ ಬಸವಣ್ಣನವರ ವಚನ ನಿಮ್ಮ ಬಾಯಿಗೆ ತಾನಾಗಿ ಬರುತ್ತೆ ಅಲ್ವಾ? ಮಗನಿಗೆ ಹೇಳಿ. ಆ ವಚನವನ್ನು ಇಂಗ್ಲಿಷಿಗೆ ತಂದದ್ದು ಮೈಸೂರಿನ ಎ. ಕೆ. ರಾಮಾನುಜನ್, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, 1973ರಲ್ಲಿ. ಇವರಿಬ್ಬರೂ ಒಂದೇ ಅಂತ ಪರೀಕ್ಷೆಯಲ್ಲಿ ಬರೆಯೋದು ಬೇಡ. ಬಸವಣ್ಣನವರ ಜತೆ ಒಂದು ಶರಣರ ಸಮುದಾಯವೇ ಇತ್ತು, ಎಮರ್ಸನ್ ಒಂಟಿಯಾಗಿ ನಿಲ್ಲು ಅನ್ನುತ್ತಾನೆ. ಆ ವ್ಯತ್ಯಾಸವನ್ನು ಹುಡುಗ ತಾನೇ ಕಂಡುಕೊಂಡರೆ ಎಮರ್ಸನ್ ಅರ್ಥ ಆದ ಹಾಗೇ.

ಪ್ರಶ್ನೆ: 'ಗ್ಯಾಟ್ಸ್‌ಬಿ'ಯ ಗ್ರೀನ್ ಲೈಟ್ ಅಂದರೆ ಅಮೆರಿಕನ್ ಡ್ರೀಮ್ ಅಂತ ಸ್ಪಾರ್ಕ್‌ನೋಟ್ಸ್ ಗೈಡ್‌ನಲ್ಲಿದೆ, ಎಐ ಕೂಡ ಅದನ್ನೇ ಹೇಳುತ್ತೆ. ಬರೆದರೆ ಫುಲ್ ಮಾರ್ಕ್ಸ್ ಯಾಕೆ ಬರಲ್ಲ? (ವಿದ್ಯಾರ್ಥಿ, ನೇಪರ್‌ವಿಲ್, ಇಲಿನಾಯ್)

ಉತ್ತರ: ಕ್ಲಾಸಿನ ಎಲ್ಲರೂ ಅದನ್ನೇ ಬರೆದಿರುತ್ತಾರೆ, ಅದಕ್ಕೆ. ಆ ದೀಪ ಪುಸ್ತಕದಲ್ಲಿ ಮೂರು ಕಡೆ ಬರುತ್ತದೆ, ಮೂರನ್ನೂ ನೀವೇ ಹುಡುಕಿ. ಮೊದಲ ಅಧ್ಯಾಯದ ಕೊನೆಗೆ ಗ್ಯಾಟ್ಸ್‌ಬಿ ಕತ್ತಲಲ್ಲಿ ಒಬ್ಬನೇ ನಿಂತು ನೀರಿನ ಆಚೆ ದಡದ ಹಸಿರು ದೀಪದ ಕಡೆ ಕೈ ಚಾಚುತ್ತಾನೆ. ಐದನೇ ಅಧ್ಯಾಯದಲ್ಲಿ ಅವನು ವರ್ಷಗಟ್ಟಲೆ ಬಯಸಿದ ಡೇಸಿ ಪಕ್ಕದಲ್ಲೇ ನಿಂತಿದ್ದಾಳೆ. ಮಂಜು ಇಲ್ಲದಿದ್ದರೆ ನಿನ್ನ ಮನೆ ಇಲ್ಲಿಗೆ ಕಾಣುತ್ತಿತ್ತು, ನಿಮ್ಮ ದೋಣಿಕಟ್ಟೆಯ ತುದಿಯಲ್ಲಿ ರಾತ್ರಿಯಿಡೀ ಹಸಿರು ದೀಪ ಉರಿಯುತ್ತೆ ಅಂತ ಅವಳಿಗೇ ಹೇಳುತ್ತಾನೆ. ಆಗ ಕತೆ ಹೇಳುತ್ತಿರುವ ನಿಕ್‌ಗೆ ಅನ್ನಿಸುತ್ತದೆ, ಆ ದೀಪ ಈಗ ಬರೀ ದೀಪ ಆಯಿತು, ಇವನ ಮಾಯೆಯ ವಸ್ತುಗಳಲ್ಲಿ ಒಂದು ಕಡಿಮೆಯಾಯಿತು. ಕೊನೇ ಪುಟದಲ್ಲಿ ಗ್ಯಾಟ್ಸ್‌ಬಿ ಸತ್ತ ಮೇಲೆ ಮತ್ತೆ ಅದೇ ದೀಪ, ಈಗ ಅದು ನಮ್ಮೆಲ್ಲರದ್ದು. ದೂರ ಇದ್ದಾಗ ದೊಡ್ಡದು, ಕೈಗೆ ಸಿಕ್ಕಾಗ ಚಿಕ್ಕದು. ಬಯಸಿದ್ದು ಸಿಕ್ಕಿದ ಗಳಿಗೆಯಲ್ಲೇ ಅವನ ಸೋಲು ಶುರುವಾಯಿತಾ? ಇದನ್ನು ಬರೆಯಿರಿ. ಸ್ಪಾರ್ಕ್‌ನೋಟ್ಸ್ ಓದಿದರೆ ತಪ್ಪಿಲ್ಲ, ಪುಸ್ತಕ ಓದಿದ ಮೇಲೆ ಓದಿ. 'ಗ್ಯಾಟ್ಸ್‌ಬಿ' 1925ರದ್ದು, 2021ರಿಂದ ಅಮೆರಿಕದಲ್ಲಿ ಕಾಪಿರೈಟ್ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ, ಪದ ಹಾಕಿ ಹುಡುಕಲೂಬಹುದು.

ಪ್ರಶ್ನೆ: ಕ್ಲಾಸಿನಲ್ಲಿ 'ಹಕಲ್‌ಬೆರಿ ಫಿನ್' ಗಟ್ಟಿಯಾಗಿ ಓದಿಸುತ್ತಾರೆ. ಕಪ್ಪು ಜನರನ್ನು ಬೈಯುವ ಆ ಕೆಟ್ಟ ಪದ ಪುಟಪುಟಕ್ಕೂ ಇದೆ. ನನ್ನ ಮಗನಿಗೆ ಇರುಸುಮುರುಸು. ಭಾಷೆಯೂ ಅರ್ಥ ಆಗಲ್ಲ ಅಂತಾನೆ. ಇಂಥ ಪುಸ್ತಕ ಯಾಕೆ ಇಟ್ಟಿದ್ದಾರೆ? (ಒಬ್ಬ ತಾಯಿ, ಆಲ್ಫರೆಟ್ಟಾ, ಜಾರ್ಜಿಯಾ)

ಉತ್ತರ: ಮಗನಿಗೆ ಇರುಸುಮುರುಸು ಆಗಿದ್ದು ಒಳ್ಳೆಯ ಮನಸ್ಸಿನ ಲಕ್ಷಣ. ಅವನ ಕ್ಲಾಸಿನಲ್ಲಿರುವ ಕಪ್ಪು ಮಕ್ಕಳಿಗೆ ಇನ್ನೆಷ್ಟು ಆಗುತ್ತಿರಬೇಕು ಅಂತಲೂ ಯೋಚಿಸಬೇಕು. ಆ ಪದ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಗಟ್ಟಿಯಾಗಿ ಓದುವಾಗ ಅದನ್ನು ಹೇಳದೆ ಮುಂದೆ ಹೋಗುವ ಟೀಚರ್‌ಗಳು ಬಹಳ ಜನ ಇದ್ದಾರೆ. ನಿಮ್ಮ ಮಗ ಕ್ಲಾಸ್ ಮುಗಿದ ಮೇಲೆ ಹೋಗಿ ನನಗೆ ಅದನ್ನು ಓದಲು ಇಷ್ಟವಿಲ್ಲ ಅಂತ ನೇರ ಹೇಳಬಹುದು. ಹೇಳಲಿ.

ಪುಸ್ತಕದ ಮೇಲೆ ಜಗಳ ಹೊಸದೇನಲ್ಲ. 1885ರಲ್ಲಿ ಅಮೆರಿಕದಲ್ಲಿ ಅಚ್ಚಾದ ವರ್ಷವೇ ಕಾಂಕರ್ಡ್‌ನ ಲೈಬ್ರರಿಯವರು, ಹೌದು, ಎಮರ್ಸನ್ ಮತ್ತು ಥೋರೋ ಊರಿನವರೇ, ಇದು ಒರಟು ಪುಸ್ತಕ ಅಂತ ತೆಗೆದುಹಾಕಿದರು. ಆಗ ತಕರಾರು ಆ ಪದದ ಮೇಲೆ ಇರಲಿಲ್ಲ, ಹಳ್ಳಿ ಹುಡುಗನ ಭಾಷೆ ಮತ್ತು ನಡತೆ ಮೇಲಿತ್ತು.

ಯಾಕೆ ಇಟ್ಟಿದ್ದಾರೆ ಅಂದರೆ ನನ್ನ ಉತ್ತರ 31ನೇ ಅಧ್ಯಾಯ. ಓಡಿಹೋದ ಗುಲಾಮ ಜಿಮ್ ಎಲ್ಲಿದ್ದಾನೆ ಅಂತ ಅವನ ಯಜಮಾನಿಗೆ ಹಕ್ ಒಂದು ಕಾಗದ ಬರೆಯುತ್ತಾನೆ. ಚರ್ಚು, ಕಾನೂನು, ಊರು ಎಲ್ಲ ಅವನಿಗೆ ಕಲಿಸಿದ್ದು ಹಾಗೆ ಮಾಡೋದೇ ಸರಿ ಅಂತ. ಬರೆದ ಮೇಲೆ ಪಾಪ ತೊಳೆದ ಹಾಗೆ ಹಗುರ ಅನ್ನಿಸುತ್ತದೆ. ಆಮೇಲೆ ನದಿ ಮೇಲೆ ಕಳೆದ ರಾತ್ರಿಗಳು ನೆನಪಾಗುತ್ತವೆ. ಹಕ್ ಮಲಗಿರಲಿ ಅಂತ ಜಿಮ್ ತನ್ನ ಪಾಳಿ ಮುಗಿದರೂ ಎಬ್ಬಿಸದೆ ತಾನೇ ಕಾವಲು ಕೂರುತ್ತಿದ್ದ. ಹಕ್ ಕಾಗದವನ್ನು ಕೈಯಲ್ಲಿ ಹಿಡಿದು ನಡುಗುತ್ತಾನೆ. ಸರಿ, ನರಕಕ್ಕೇ ಹೋಗ್ತೀನಿ ಅಂತ ಹರಿದು ಹಾಕುತ್ತಾನೆ. ಊರು ಅನ್ಯಾಯವನ್ನೇ ನ್ಯಾಯ ಅಂತ ಕಲಿಸಿದಾಗ ಒಬ್ಬ ಹುಡುಗನ ಎದೆ ಅದನ್ನು ಒಪ್ಪದೆ ಹೋಯಿತು. ನಿಮ್ಮ ಮಗ 'ಕ್ರೂಸಿಬಲ್' ಕೂಡ ಓದಿದ್ದರೆ, ಪ್ರಾಕ್ಟರ್ ಹರಿದ ಕಾಗದ ಮತ್ತು ಹಕ್ ಹರಿದ ಕಾಗದ ಎರಡನ್ನೂ ಸೇರಿಸಿ ಹೋಲಿಕೆ ಎಸ್ಸೇ ಬರೆಯಬಹುದು. ಒಬ್ಬನಿಗೆ ಊರಿನಲ್ಲಿ ಹೆಸರು ಉಳಿಯಬೇಕು, ಇನ್ನೊಬ್ಬ ಹೆಸರು ಹೋದರೂ ಸರಿ ಅಂತಾನೆ.

ಆದರೆ ಇದು ಬಿಳಿ ಹುಡುಗನ ಕಣ್ಣಿನ ಕತೆ. ಇದರ ಜತೆ ಫ್ರೆಡ್ರಿಕ್ ಡಗ್ಲಸ್ 1845ರಲ್ಲಿ ಬರೆದ ಆತ್ಮಕತೆ ಓದಿಸಿ, ತುಂಬಾ ಚಿಕ್ಕದು. ಡಗ್ಲಸ್ ಗುಲಾಮನಾಗೇ ಹುಟ್ಟಿದವನು. ಯಜಮಾನಿ ಅಕ್ಷರ ಹೇಳಿಕೊಡಲು ಶುರುಮಾಡಿದಾಗ ಅವಳ ಗಂಡ ತಡೆದ. ಹುಡುಗ ಡಗ್ಲಸ್ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಓದು ಕಲಿತ. ಇದನ್ನು ಓದಿದ ಮೇಲೆ ಮಕ್ಕಳು ಜಿಮ್‌ನನ್ನು ನೋಡುವ ರೀತಿಯೇ ಬದಲಾಗುತ್ತೆ.

ಭಾಷೆ ಅರ್ಥವಾಗದಿದ್ದರೆ ಕಣ್ಣಲ್ಲಿ ಓದೋದು ಬಿಟ್ಟು ಕಿವಿಯಲ್ಲಿ ಕೇಳಲಿ. ಈ ಪುಸ್ತಕ ಬರೆದ ಮಾರ್ಕ್ ಟ್ವೈನ್ ಆಡುಮಾತನ್ನು ಅದು ಕೇಳುವ ಹಾಗೇ ಬರೆದಿದ್ದಾನೆ. ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಹುಡುಕಿ, ಇಲ್ಲವಾದರೆ ಲಿಬ್ರಿವಾಕ್ಸ್‌ನಲ್ಲಿ ಪುಕ್ಕಟೆ ಆಡಿಯೋ ಇದೆ.

ಪ್ರಶ್ನೆ: ಪರೀಕ್ಷೆಯಲ್ಲಿ ಓದಿರದ ಪದ್ಯ ಕೊಡುತ್ತಾರೆ. ನೋಡಿದ ಕೂಡಲೇ ತಲೆ ಖಾಲಿ. (ವಿದ್ಯಾರ್ಥಿನಿ, ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಉತ್ತರ: ಅರ್ಥ ಹುಡುಕಲು ಹೋಗಬೇಡಿ, ಮೊದಲು ಯಾರು ಯಾರಿಗೆ ಮಾತಾಡುತ್ತಿದ್ದಾರೆ ಅಂತ ನೋಡಿ. ಆಮೇಲೆ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ರಾಬರ್ಟ್ ಫ್ರಾಸ್ಟ್‌ನ 'ಮೆಂಡಿಂಗ್ ವಾಲ್' ತಗೊಳ್ಳಿ, 1914ರ ಪದ್ಯ. ಗೋಡೆ ಯಾಕೆ ಬೇಕು ಅಂತ ಕೇಳುವವನು ಕವಿ, ಅಪ್ಪನ ಕಾಲದ ಗಾದೆ ಹೇಳಿ ಗೋಡೆ ಬೇಕು ಅನ್ನುವವನು ಪಕ್ಕದ ಜಮೀನಿನವನು ಅಂತ ಎಲ್ಲರೂ ಬರೆಯುತ್ತಾರೆ. ಗೆರೆ ಎಳೆಯುತ್ತಾ ಹೋದರೆ ಒಂದು ಸಾಲು ಸಿಗುತ್ತೆ: ಗೋಡೆ ರಿಪೇರಿಗೆ ಬಾ ಅಂತ ಪಕ್ಕದವನಿಗೆ ಹೇಳಿಕಳಿಸಿದ್ದು ಅವನೇ, ಗೋಡೆ ಬೇಡ ಅನ್ನುವವನು! ಇಷ್ಟು ಕಂಡರೆ ಪದ್ಯ ಬಾಗಿಲು ತೆಗೆಯಿತು. ಎಮಿಲಿ ಡಿಕಿನ್ಸನ್ ಪದ್ಯ ಬಂದರೆ ಅವಳ ಅಡ್ಡಗೆರೆಗಳ ಹತ್ತಿರ ನಿಲ್ಲಿ, ಮಾತು ಎಲ್ಲಿ ತುಂ‌ಡಾಯಿತೋ ಅಲ್ಲೇ ಅವಳ ಯೋಚನೆ ತಿರುಗಿರುತ್ತೆ.

ಪ್ರಶ್ನೆ: ಈ ಸಂಚಿಕೆ ಕೈಗೆ ಬರುವಾಗ ಪರೀಕ್ಷೆಗೆ ಒಂದೇ ದಿನ ಇರುತ್ತೆ. ಏನು ಮಾಡಲಿ? (ವಿದ್ಯಾರ್ಥಿ, ಡಬ್ಲಿನ್, ಒಹಾಯೊ)

ಉತ್ತರ: ಹೊಸ ಪುಸ್ತಕ ಹಿಡಿಯಬೇಡಿ. ಚೆನ್ನಾಗಿ ಗೊತ್ತಿರುವ ಎರಡನ್ನು ಆರಿಸಿ. ಒಂದೊಂದರಿಂದಲೂ ಮೂರು ಚಿಕ್ಕ ಸಾಲು ಬಾಯಿಪಾಠ ಮಾಡಿ, ಯಾರು ಯಾರಿಗೆ ಯಾವಾಗ ಹೇಳಿದ್ದು ಅನ್ನೋದರ ಸಮೇತ. ವೊಕ್ಯಾಬ್‌ನಲ್ಲಿ ಮೊದಲನೇ ಡಬ್ಬಿಯಲ್ಲಿ ಉಳಿದಿರುವ ಕಾರ್ಡ್ ಮಾತ್ರ ನೋಡಿ. ಹಳೇ ಪ್ರಶ್ನೆ ಒಂದನ್ನು ತಗೊಂಡು ಗಡಿಯಾರ ಇಟ್ಟು ಮೊದಲ ಪ್ಯಾರಾ ಮಾತ್ರ ಬರೆಯಿರಿ, ಪೂರ್ತಿ ಬೇಡ. ಪರೀಕ್ಷೆಗೆ ಪುಸ್ತಕ ತರಬಹುದಾ ಅಂತ ಇವತ್ತೇ ಟೀಚರ್‌ಗೆ ಇಮೇಲ್ ಮಾಡಿ ಕೇಳಿ. ಹೌದು ಅಂದರೆ ಆ ಆರು ಸಾಲು ಇರುವ ಪುಟಗಳಿಗೆ ಚೀಟಿ ಅಂಟಿಸಿ, ಚೀಟಿಯ ಮೇಲೆ ಒಂದೊಂದೇ ಪದ ಬರೆದಿಡಿ: ಹೆಸರು, ದೀಪ, ಕಾಗದ, ಹೀಗೆ.